ಮೊದಲ ಇಂಟರ್ನಲ್ಸ್‌ಗೂ ಮುನ್ನ

ಪಿಯುಸಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಡಿಗ್ರಿಗೆ ಬಂದ ಎರಡೇ ತಿಂಗಳಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಬುದ್ಧಿ ಅಷ್ಟೇ ಇದೆ. ಕಾಲೇಜಿನಲ್ಲಿ ಓದುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಅತ್ತಿಗುಂಡಿಯಂಥ ಗಿರಿಯೂರುಗಳಿಂದ ಇಳಿದು ಬರುವ ಮಕ್ಕಳಿಗೆ ಆ ನೆರವು ಸಿಗಬೇಕಾದದ್ದು ಈಗ, ಸೆಮಿಸ್ಟರಿನ ಮೊದಲ ಆರು ವಾರಗಳಲ್ಲಿ.

ಜುಲೈ ತಿಂಗಳ ಒಂದು ಬೆಳಗು. ಅತ್ತಿಗುಂಡಿಯ ಅಂಗಡಿ ಸಾಲಿಗೆ ಮಂಜು ಕವಿದು, ರಸ್ತೆಯಾಚೆಯ ಟೀ ಅಂಗಡಿಯ ಬಲ್ಬು ಮಾತ್ರ ಕಾಣುತ್ತಿದೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬೀಸುವ ಗಾಳಿಗೆ ಛತ್ರಿ ನಿಲ್ಲುತ್ತಿಲ್ಲ. ಎಸ್ಟೇಟಿನ ಲೈನ್ ಮನೆಯಿಂದ ಬಂದ ಹುಡುಗಿಯೊಬ್ಬಳು ಕಾಲೇಜು ಬ್ಯಾಗಿಗೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಸುತ್ತಿ ಎದೆಗವಚಿಕೊಂಡು ನಿಂತಿದ್ದಾಳೆ. ಚೂಡಿದಾರದ ಅಂಚು ಆಗಲೇ ತೊಯ್ದು ತೊಪ್ಪೆ. ಅದರ ಚಿಂತೆ ಅವಳಿಗಿಲ್ಲ, ನೋಟ್‌ಬುಕ್ ನೆನೆಯಬಾರದು.

"ಹೆಂಗಿದೆ ಮಾರಾಯ್ತಿ ಡಿಗ್ರಿ ಕಾಲೇಜು?" ಟೀ ಅಂಗಡಿಯಾಕೆ ಕೇಳುತ್ತಾರೆ.

"ಚೆನ್ನಾಗಿದೆ ಅಕ್ಕಾ."

ಮನೆಯಲ್ಲಿ ಅಪ್ಪ ಕೇಳಿದರೂ ಇದೇ ಉತ್ತರ. ಕೆಳಗೆ ಚಿಕ್ಕಮಗಳೂರಿನ ಕ್ಲಾಸಿನಲ್ಲಿ ಮೇಷ್ಟ್ರು "ಅರ್ಥ ಆಯ್ತಾ?" ಎಂದಾಗಲೂ ಎಲ್ಲರ ಜೊತೆ ಅವಳ ತಲೆಯೂ ಆಡುತ್ತದೆ. ನಿಜ ಏನೆಂದು ಗೊತ್ತಿರುವುದು ಆ ಪ್ಲಾಸ್ಟಿಕ್ಕಿನೊಳಗಿನ ನೋಟ್‌ಬುಕ್ಕಿಗೆ.

ಅದರ ಒಂದು ಪುಟ ತೆರೆದು ನೋಡಿ. ಬಿಎಸ್ಸಿ ಮೊದಲ ಸೆಮಿಸ್ಟರ್, ಫಿಸಿಕ್ಸ್. ಬೋರ್ಡಿನ ಮೇಲೆ ಬರೆದದ್ದೆಲ್ಲ ಇಲ್ಲಿ ಅಚ್ಚುಕಟ್ಟಾಗಿದೆ: ತಲೆಬರಹದ ಕೆಳಗೆ ಕೆಂಪು ಗೆರೆ, ಚಿತ್ರಕ್ಕೆ ಸ್ಕೇಲು, ಸೂತ್ರದ ಸುತ್ತ ಚೌಕ. ಆದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಬಂದದ್ದು ಹೇಗೆಂದು ಮೇಷ್ಟ್ರು ಬಾಯಲ್ಲಿ ಹೇಳಿದ್ದರಲ್ಲ, ಆ ಜಾಗಗಳೆಲ್ಲ ಖಾಲಿ. ಒಂದೆರಡು ಕಡೆ ಇಂಗ್ಲಿಷ್ ಮಾತನ್ನು ಕಿವಿಗೆ ಬಿದ್ದಂತೆ ಕನ್ನಡದಲ್ಲೇ ಗೀಚಿಕೊಂಡಿದ್ದಾಳೆ. 'ಮೊಮೆಂಟ್ ಆಫ್ ಇನ…' ಅಲ್ಲಿಗೇ ನಿಂತಿದೆ. ಮಾರ್ಜಿನ್ನಿನಲ್ಲಿ ಪೆನ್ಸಿಲಿನ ಪುಟ್ಟ ಪ್ರಶ್ನಾರ್ಥಕ ಚಿಹ್ನೆ. ಮುಂದಿನ ಪುಟದಲ್ಲಿ ಅಂಥವು ಮೂರು. ಇನ್ನೂ ನಾಲ್ಕು ಪುಟ ಮಗುಚಿದರೆ ಆ ಚಿಹ್ನೆಗಳೇ ಇಲ್ಲ. ಗೊತ್ತಾಗದ್ದನ್ನು ಗುರುತು ಹಾಕಿಕೊಳ್ಳುವುದನ್ನೂ ಅವಳು ಬಿಟ್ಟಿದ್ದಾಳೆ.

ಮೊದಲ ವರ್ಷದ ಯಾವ ಕ್ಲಾಸಿಗೆ ಹೋದರೂ ಇಂಥ ಪುಟಗಳು ಸಿಗುತ್ತವೆ. ಸೆಪ್ಟೆಂಬರಿನ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದಾಗ ಮನೆಯವರೂ ಮೇಷ್ಟ್ರೂ ಗಾಬರಿಯಾಗುತ್ತಾರೆ. ಸೋಲು ಶುರುವಾದದ್ದು ಮಾತ್ರ ಈ ಪುಟಗಳಲ್ಲಿ, ಯಾರ ಕಣ್ಣಿಗೂ ಬೀಳದೆ.

ಗಿರಿ ಇಳಿದರೆ ಬೇರೆಯೇ ಲೋಕ

ಅತ್ತಿಗುಂಡಿಯಿಂದ ಕೈಮರ ದಾಟಿ ಚಿಕ್ಕಮಗಳೂರಿಗೆ 25 ಕಿ.ಮೀ. ಆಸುಪಾಸು. ಪ್ರವಾಸಿಗರಿಗೆ ಅದು ಮುಳ್ಳಯ್ಯನಗಿರಿ, ಹೊನ್ನಮ್ಮನಹಳ್ಳದ ದಾರಿ. ಓದುವ ಮಕ್ಕಳಿಗೆ ದಿನಕ್ಕೆರಡು ಬಾರಿ ಸುತ್ತಿ ಸುತ್ತಿ ಇಳಿದು ಹತ್ತುವ ತಿರುವುಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿದೆ. ಬಸ್ಸು ತಪ್ಪಿದರೆ ಏನೆಂಬ ಚಿಂತೆ ಹಾಗೇ ಇದೆ.

ಜಿಲ್ಲೆಯಲ್ಲಿ ಕಾಲೇಜಿಗೇನೂ ಬರವಿಲ್ಲ. ಚಿಕ್ಕಮಗಳೂರಿನಲ್ಲಿ ಐಡಿಎಸ್‌ಜಿ ಸರ್ಕಾರಿ ಕಾಲೇಜಿದೆ, 1980ರಲ್ಲಿ ಶುರುವಾದ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ. ಇಲ್ಲಿನ ಡಿಗ್ರಿ ಕಾಲೇಜುಗಳಿಗೆಲ್ಲ ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿವಿ. ಒಂದು ತಲೆಮಾರಿನ ಹಿಂದೆ ಎಸ್‌ಎಸ್‌ಎಲ್‌ಸಿ ಮುಗಿಸಿ ತೋಟಕ್ಕೆ ಹೋಗುತ್ತಿದ್ದ ಮನೆಗಳಿಂದ ಈಗ ಮಕ್ಕಳು ಡಿಗ್ರಿ ಬಾಗಿಲು ದಾಟುತ್ತಿದ್ದಾರೆ. ದಾಟಿದ ಮೇಲೆ ಏನು?

ಪಿಯುಸಿಯಲ್ಲಿ ಒಂದು ಪಠ್ಯಪುಸ್ತಕ, ಬೋರ್ಡಿನ ಬ್ಲೂಪ್ರಿಂಟು, ಹಳೇ ಪ್ರಶ್ನೆಪತ್ರಿಕೆ. ಓದಿಲ್ಲವೆಂದರೆ ಗದರುವ ಮೇಷ್ಟ್ರು. ಡಿಗ್ರಿಯಲ್ಲಿ ಪುಸ್ತಕ ಒಂದಲ್ಲ, ಮೂರು ಹೆಸರು ಹೇಳುತ್ತಾರೆ. ಲೈಬ್ರರಿಯಲ್ಲಿ ಪ್ರತಿ ಇರುವುದು ಕೆಲವೇ. ವರ್ಷದ ಬದಲು ಸೆಮಿಸ್ಟರು. ಓದಿದೆಯಾ ಎಂದು ಯಾರೂ ಕೇಳುವುದಿಲ್ಲ. ಆ ಸ್ವಾತಂತ್ರ್ಯ ಮೊದಲ ತಿಂಗಳು ಖುಷಿ ಕೊಡುತ್ತದೆ, ಎರಡನೇ ತಿಂಗಳು ಕೈಕೊಡುತ್ತದೆ.

ಅದರ ಮೇಲೆ ಮಲೆನಾಡಿನ ಲೆಕ್ಕವೇ ಬೇರೆ. ಮಳೆ ಜೋರಾದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ. ಡಿಗ್ರಿ ಕಾಲೇಜಿಗೆ ಆ ರಜೆ ಸಿಗುವುದು ಅಪರೂಪ. ಮರ ಬಿದ್ದು ರಸ್ತೆ ಮುಚ್ಚಿದ ದಿನ ಗಿರಿಯ ಮಕ್ಕಳಿಗೆ ಕ್ಲಾಸು ಹೋಯಿತು, ಅಟೆಂಡೆನ್ಸೂ ಹೋಯಿತು. ಕರೆಂಟು ಹೋದರೆ ಬರುವುದು ಯಾವಾಗಲೋ. ಮಳೆ ಕಳೆದು ನವೆಂಬರ್ ಬಂತೆಂದರೆ ಅರೇಬಿಕಾ ಹಣ್ಣು ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಲೈನ್ ಮನೆಯ ಮಕ್ಕಳ ಭಾನುವಾರಗಳು ಫೆಬ್ರುವರಿಯವರೆಗೂ ತೋಟದಲ್ಲೇ ಕಳೆಯುತ್ತವೆ. ಮೊದಲ ಸೆಮಿಸ್ಟರಿನ ಪರೀಕ್ಷೆ ಎದುರಾಗುವುದೂ ಅದೇ ಸುಗ್ಗಿಯ ಆಸುಪಾಸಿನಲ್ಲಿ. ಮಳೆಗಾಲದಲ್ಲಿ ಬಿಟ್ಟುಹೋದದ್ದನ್ನು ಆಮೇಲೆ ಓದಿಕೊಂಡರಾಯಿತು ಎನ್ನಲು ಈ ಮಕ್ಕಳಿಗೆ 'ಆಮೇಲೆ' ಇಲ್ಲ.

ಅಕ್ಕನನ್ನು ಕೇಳೋಣವೆಂದರೆ ಅಕ್ಕನ ಕೋರ್ಸೇ ಬೇರೆ. 2021-22ರಲ್ಲಿ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಗೆ ಹೋಯಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ವಿಷಯಗಳ ಜೋಡಣೆ, ಸಿಲಬಸ್ಸು, ಅಂಕದ ಹಂಚಿಕೆ ಎಲ್ಲ ಬದಲಾದವು. ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಮನೆಯ ಅಕ್ಕ-ತಂಗಿಯರ ನೋಟ್ಸು ಒಂದಕ್ಕೊಂದು ಹೊಂದದಂತಾಯಿತು.

> ಮೂರು ವಾರದ ಸ್ವಾಗತ
>
> ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸಬರಿಗೆ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ನಡೆಸಬೇಕೆಂಬುದು ಎಐಸಿಟಿಇ ಗೊತ್ತುಮಾಡಿದ ಮಾದರಿ. ಉಳಿದ ಕಾಲೇಜುಗಳಿಗಾಗಿ ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಮಾರ್ಗಸೂಚಿ ಹೊರಡಿಸಿತು. ಹೊಸ ವಾತಾವರಣಕ್ಕೆ ಒಗ್ಗಿಕೊಳ್ಳುವುದು, ಶಿಕ್ಷಕರೂ ಹಿರಿಯ ವಿದ್ಯಾರ್ಥಿಗಳೂ ಹೊಸಬರ ಒಡನಾಟಕ್ಕೆ ಬರುವುದು ಅದರ ಆಶಯ. ಭಾಷಣ, ದೀಪ ಬೆಳಗುವುದು, ಫ್ರೆಷರ್ಸ್ ಡೇ ಹಾಡು ಇಷ್ಟಕ್ಕೇ ಮುಗಿದರೆ ಆ ಆಶಯದ ಅರ್ಧವೂ ಈಡೇರದು.

ನಡೆದು ಬಂದ ಹುಡುಗ

ಹಳ್ಳಿಯ ಹುಡುಗ ಊರು ಬಿಟ್ಟು ಓದಲು ಬಂದು ತಬ್ಬಿಬ್ಬಾಗುವುದು ಕನ್ನಡನಾಡಿಗೆ ಹೊಸದಲ್ಲ. ಹಿಂದೆ ವಾರಾನ್ನವಿತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಚಿತ ಹಾಸ್ಟೆಲ್‌ಗಳಿದ್ದವು, ಮಠಗಳಿದ್ದವು. ಮೈಸೂರಿನಲ್ಲಿ ಓದುವಾಗ ಕುವೆಂಪು ಅವರಿಗೆ ರಾಮಕೃಷ್ಣಾಶ್ರಮ ಆಸರೆಯಾಯಿತು. ಊಟ, ಸೂರು, ಜೊತೆಗೊಬ್ಬರು ಹಿರಿಯರು. ಈ ಮೂರು ಒಟ್ಟಿಗೆ ಸಿಕ್ಕವರು ದಡ ಸೇರಿದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್, ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್.ಡಿ., ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಹುದ್ದೆ. ಇಷ್ಟೆಲ್ಲ ಆದ ಮೇಲೂ ಅವರು ಬದುಕಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜನ್ನೇ ಕೊಂಡೊಯ್ದರು.

ನನಗೆ ಅವರ ಹುದ್ದೆಗಳಿಗಿಂತ ಆ ಹಾಸ್ಟೆಲ್ ಕೋಣೆಯೇ ದೊಡ್ಡದಾಗಿ ಕಾಣುತ್ತದೆ. ಮೊದಲ ವರ್ಷದ ಹುಡುಗನಿಗೆ ಬೇಕಾದದ್ದು ಅದೇ: ಸಂಜೆ ಏಳು ಗಂಟೆಗೆ ಬಾಗಿಲು ತಟ್ಟಿ "ಸಾರ್, ಇದು ತಿಳೀಲಿಲ್ಲ" ಎನ್ನಬಹುದಾದಷ್ಟು ಹತ್ತಿರದಲ್ಲಿ ತಿಳಿದವರೊಬ್ಬರು. ಸಂಜೆ ನಾಲ್ಕಕ್ಕೆ ಬಸ್ಸು ಹಿಡಿಯಬೇಕಾದ ಅತ್ತಿಗುಂಡಿಯ ಹುಡುಗಿಗೆ ಆ ಬಾಗಿಲು ಎಲ್ಲಿದೆ?

ಬರ್ಕ್‌ಲಿಯಲ್ಲಿ ಕಂಡದ್ದು

ಇದಕ್ಕೊಂದು ಉತ್ತರ ಸಾವಿರಾರು ಮೈಲಿ ದೂರದಲ್ಲಿ ಸಿಕ್ಕಿತ್ತು. 1970ರ ದಶಕ, ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯ. ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಸಾಲುಸಾಲಾಗಿ ಸೋಲುತ್ತಿದ್ದರು. ಯೂರಿ ಟ್ರೈಸ್‌ಮನ್ ಎಂಬ ಯುವ ಗಣಿತಜ್ಞ ಕಾರಣ ಹುಡುಕಲು ಹೊರಟ. ಬಡತನ, ಆಸಕ್ತಿ ಇಲ್ಲದಿರುವುದು, ಹೈಸ್ಕೂಲಿನ ತಳಪಾಯ ಸಡಿಲ ಎಂದು ಸುತ್ತಲಿನವರೆಲ್ಲ ಕಾರಣ ಕೊಟ್ಟರು. ಪರೀಕ್ಷಿಸಿದರೆ ಯಾವುದೂ ಸರಿಹೊಂದಲಿಲ್ಲ. ಸೋತವರಲ್ಲಿ ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿದವರೇ ಇದ್ದರು.

ಆಗ ಆತ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿ, ಅವರು ಹೇಗೆ ಓದುತ್ತಾರೆಂದು ಜೊತೆಗಿದ್ದು ನೋಡಿದ. ಕಪ್ಪು ಹುಡುಗರು ಹೇಳಿದ ಮಾತು ಕೇಳುವವರು. ಕೋಣೆ ಸೇರಿ ಒಬ್ಬೊಬ್ಬರೇ ಗಂಟೆಗಟ್ಟಲೆ ಓದುತ್ತಿದ್ದರು. ಒಂದು ಲೆಕ್ಕ ಸಿಕ್ಕಿಹಾಕಿಕೊಂಡರೆ ಅಲ್ಲೇ ಕೂತು, ತಮ್ಮ ತಲೆಯೇ ಸರಿಯಿಲ್ಲವೆಂದುಕೊಳ್ಳುತ್ತಿದ್ದರು. ಚೀನೀ ಹುಡುಗರೂ ಒಬ್ಬರೇ ಓದುತ್ತಿದ್ದರು. ಆದರೆ ಸಂಜೆ ಒಟ್ಟಿಗೆ ಕೂತು ಊಟದ ನಡುವೆಯೂ ಉತ್ತರ ಹೋಲಿಸುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಯಾರಿಗೂ ಬಾರದ ಲೆಕ್ಕವಿದ್ದರೆ, ಅದು ಕಷ್ಟದ ಲೆಕ್ಕ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ತಾನೊಬ್ಬನೇ ದಡ್ಡ ಎಂಬ ಭಯ ಅಲ್ಲಿ ಹುಟ್ಟುವುದೇ ಇಲ್ಲ.

ಟ್ರೈಸ್‌ಮನ್ ಕಟ್ಟಿದ ಗಣಿತ ಕಮ್ಮಟದಲ್ಲಿ ಹಳೆಯ ಪಾಠವನ್ನು ಮತ್ತೆ ಅರೆಯುವ 'ರೆಮಿಡಿಯಲ್' ಕ್ಲಾಸು ಇರಲಿಲ್ಲ. ಚಿಕ್ಕ ಗುಂಪು, ಕ್ಲಾಸಿನ ಲೆಕ್ಕಗಳಿಗಿಂತ ಕಠಿಣವಾದ ಲೆಕ್ಕ, ಬಿಡಿಸುವಾಗ ಜೋರು ಮಾತು. ಅದರಲ್ಲಿ ಪಾಲ್ಗೊಂಡ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಕಣ್ಣಿಗೆ ಕಾಣುವಂತೆ ಏರಿತು. ಅಮೆರಿಕದ ಬೇರೆ ವಿಶ್ವವಿದ್ಯಾಲಯಗಳೂ ಆ ಮಾದರಿ ಅನುಸರಿಸಿದವು.

ನಮ್ಮ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಎಂದು ಹಲಗೆ ಹಾಕಿ ಸಂಜೆ ಕ್ಲಾಸು ಇಟ್ಟರೆ ಯಾರೂ ಬರುವುದಿಲ್ಲ, ಬರಬಾರದು ಕೂಡ. ಮೊದಲ ವರ್ಷದ ಮಕ್ಕಳನ್ನು ದಡ್ಡರ ಸಾಲಿನಲ್ಲಿ ಕೂರಿಸುವುದಕ್ಕಿಂತ ದೊಡ್ಡ ಅಪಕಾರ ಇನ್ನಿಲ್ಲ ಎಂದು ನಾನು ನಂಬಿದ್ದೇನೆ. ಬೇಕಾದದ್ದು ಗುಂಪು. ಗಿರಿಯ ಮಕ್ಕಳಿಗೆ ಆ ಗುಂಪು ಸಿದ್ಧವಾಗಿಯೇ ಇದೆ, ಬಸ್ಸಿನಲ್ಲಿ.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ತಿರುವುಗಳಲ್ಲಿ ಓದಿದರೆ ತಲೆಸುತ್ತು, ವಾಂತಿ. ಪುಸ್ತಕ ತೆರೆಯುವ ಮಾತೇ ಇಲ್ಲ. ಬಾಯಿ ಇದೆಯಲ್ಲ. ಬಿಎಸ್ಸಿಯವರು ಇಬ್ಬರು, ಬಿಕಾಂನವರು ಇಬ್ಬರು ಒಂದೇ ಸೀಟಿನ ಸುತ್ತ ನಿಂತರೆ ಸಾಕು. "ಇವತ್ತು ಮೇಡಂ ಆ ಮೂರನೇ ಸ್ಟೆಪ್ಪು ಯಾಕೆ ಹಾಗೆ ಮಾಡಿದ್ರು ಹೇಳು ನೋಡೋಣ" ಎಂದು ಒಬ್ಬಳು ಕೇಳಬೇಕು. ಇನ್ನೊಬ್ಬಳು ಪುಸ್ತಕ ನೋಡದೆ, ಕನ್ನಡದಲ್ಲೇ, ತನ್ನ ಮಾತಿನಲ್ಲಿ ಹೇಳಬೇಕು. ತಡವರಿಸಿದ ಜಾಗ ಯಾವುದೋ, ನೋಟ್‌ಬುಕ್ಕಿನ ಖಾಲಿ ಜಾಗವೂ ಅದೇ. ಮನೆ ಮುಟ್ಟಿದ ಮೇಲೆ ಕರೆಂಟಿದ್ದರೆ ಅದನ್ನಷ್ಟು ತುಂಬಿಸಿಕೊಳ್ಳುವುದು. ಇಬ್ಬರಿಗೂ ಬಾರದ್ದನ್ನು ಒಂದು ಚೀಟಿಯಲ್ಲಿ ಬರೆದು ಮರುದಿನ ಸ್ಟಾಫ್ ರೂಮಿಗೆ ಒಟ್ಟಿಗೆ ಹೋಗುವುದು. ಒಬ್ಬಳೇ ಹೋಗಲು ಕಾಲು ಬಾರದು; ಇಬ್ಬರಾದರೆ ಬರುತ್ತದೆ.

> ಮತ್ತೆ ಮತ್ತೆ ಓದಿದರೆ ಸಾಲದು
>
> 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಪುಟ್ಟ ಗದ್ಯಭಾಗ ಓದಿಸಿದರು. ಒಮ್ಮೆ ಅದನ್ನು ಎರಡು ಸಲ ಓದಿಸಿದರು. ಇನ್ನೊಮ್ಮೆ ಒಂದು ಸಲ ಓದಿಸಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿತು: ಎರಡು ಸಲ ಓದಿದ್ದು ಶೇ 42, ಓದಿ ಮುಚ್ಚಿಟ್ಟು ಬರೆದದ್ದು ಶೇ 56. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದದ್ದು ಬೆಳಿಗ್ಗೆಗೆ ಆದೀತು, ಮುಂದಿನ ಸೆಮಿಸ್ಟರಿಗೆ ಆಗದು.

ಇಂಗ್ಲಿಷಿನ ಕಷ್ಟ ನಿಜ. ಬಿಎ ಓದುವವರಿಗೆ ಕನ್ನಡ ಮಾಧ್ಯಮದ ಆಸರೆಯಿದೆ. ಬಿಎಸ್ಸಿ, ಬಿಸಿಎ, ಎಂಜಿನಿಯರಿಂಗ್ ಎಂದೊಡನೆ ಅದು ಕಳಚುತ್ತದೆ. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ದಾರಿ ತೆರೆದರೂ ಕನ್ನಡದಲ್ಲಿ ಆ ದಾರಿ ಹಿಡಿದವರು ಕಡಿಮೆ. ಹಾಗೆಂದು ಮೊದಲ ತಿಂಗಳಲ್ಲೇ ಮಕ್ಕಳನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ವಿಷಯ ಮೊದಲು ತಲೆಗೆ ಹತ್ತಬೇಕು, ಅದು ಹತ್ತುವುದು ತಿಳಿದ ಮಾತಿನಲ್ಲಿ. ಹೈಸ್ಕೂಲಿನ ಕನ್ನಡ ವಿಜ್ಞಾನ ಪುಸ್ತಕವನ್ನು ಮಾರಿಬಿಡದೆ ಮೇಜಿನ ಮೇಲಿಟ್ಟುಕೊಳ್ಳಲಿ. ಡಿಗ್ರಿಯ ಅಧ್ಯಾಯ ಇಂಗ್ಲಿಷಿನಲ್ಲಿ ತೆರೆಯುವ ಮುನ್ನ ಆ ಪುಸ್ತಕದ ಅದೇ ಪಾಠವನ್ನು ಹತ್ತು ನಿಮಿಷ ಓದಲಿ. ಆಮೇಲೆ ಇಂಗ್ಲಿಷ್ ಪುಟ ಅಷ್ಟು ಹೆದರಿಸುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಗೆಳೆಯ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ 'ವಿಜ್ಞಾನ' ಪತ್ರಿಕೆಯನ್ನು ಕನ್ನಡದಲ್ಲಿ ತಂದರು. ಅಷ್ಟು ಹಿಂದೆಯೇ ಕನ್ನಡದಲ್ಲಿ ವಿಜ್ಞಾನ ಬರೆದವರ ನಾಡಿನಲ್ಲಿ, ಕ್ಲಾಸಿನ ಕೊನೆಯ ಐದು ನಿಮಿಷ ಅಂದಿನ ಪಾಠದ ಸಾರವನ್ನು ಕನ್ನಡದಲ್ಲಿ ಹೇಳಲು ಯಾವ ಲೆಕ್ಚರರೂ ಹಿಂಜರಿಯಬೇಕಿಲ್ಲ.

'ಇದು ನನ್ನ ಜಾಗವಲ್ಲ'

ಅಂಕಕ್ಕಿಂತ ಮೊದಲು ಕುಸಿಯುವುದು ಮನಸ್ಸು. ಪೇಟೆಯ ಮಕ್ಕಳ ಇಂಗ್ಲಿಷು, ಸ್ಕೂಟಿ, ಟ್ಯೂಷನ್ನು ನೋಡಿ ಇದು ತನ್ನಂಥವರ ಜಾಗವಲ್ಲ ಎಂಬ ಅಳುಕು ಮೂಡುತ್ತದೆ. ಒಂದು ಇಂಟರ್ನಲ್ಸ್ ಕೆಟ್ಟರೆ ಅದಕ್ಕೆ ಸಾಕ್ಷಿಯೂ ಸಿಕ್ಕಿತು.

ಈ ಅಳುಕಿನ ಮೇಲೆ ಗ್ರೆಗರಿ ವಾಲ್ಟನ್, ಜೆಫ್ರಿ ಕೊಹೆನ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿ. ಮೊದಲ ವರ್ಷದವರಿಗೆ ಸೀನಿಯರ್‌ಗಳ ಅನುಭವ ಓದಿಸಿದರು: ನಮಗೂ ಆರಂಭದಲ್ಲಿ ಹೀಗೇ ಅನಿಸಿತ್ತು, ಕ್ರಮೇಣ ಹೋಯಿತು. ಓದಿದ ಮೇಲೆ ತಮ್ಮದೇ ಅನುಭವ ಬರೆಸಿ, ಮುಂದೆ ಬರುವ ಹೊಸಬರಿಗಾಗಿ ಕ್ಯಾಮೆರಾ ಮುಂದೆ ಹೇಳಿಸಿದರು. ಎಲ್ಲ ಸೇರಿ ಸುಮಾರು ಒಂದು ಗಂಟೆ. ಮುಂದಿನ ಮೂರು ವರ್ಷ ಕಪ್ಪು ವಿದ್ಯಾರ್ಥಿಗಳ ಅಂಕ ಏರುತ್ತ ಹೋಗಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕಿಳಿಯಿತು.

ಅದು 92 ಜನರ ಮೇಲಿನ ಪ್ರಯೋಗ. 2023ರಲ್ಲಿ 22 ಕಾಲೇಜುಗಳ 26,911 ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದಾಗ ಇನ್ನೊಂದು ಮಾತು ಹೊರಬಿತ್ತು. ಪ್ರಯೋಜನ ಕಂಡದ್ದು ಆ ವಿದ್ಯಾರ್ಥಿಗಳಿಗೆ ಕಾಲೇಜು ನಿಜಕ್ಕೂ ಜಾಗ ಕೊಟ್ಟಲ್ಲಿ ಮಾತ್ರ. ಧೈರ್ಯದ ಮಾತು ಹೇಳಿ, ಸ್ಟಾಫ್ ರೂಮಿನ ಬಾಗಿಲು ಮುಚ್ಚಿಕೊಂಡರೆ ಏನೂ ಆಗದು.

ನಮ್ಮಲ್ಲಿ ಆ ಬಾಗಿಲ ಹಿಂದೆ ಇರುವವರ ಪಾಡನ್ನೂ ಹೇಳಬೇಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠ ಬಹುಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅವರು ವಾರಗಟ್ಟಲೆ ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿರುತ್ತೇನೋ ಇಲ್ಲವೋ ತಿಳಿಯದವರು ಮೊದಲ ವರ್ಷದ ಹುಡುಗಿಯ ಮೂರು ವರ್ಷದ ಹೊಣೆ ಹೊರುವುದು ಹೇಗೆ? ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ಕೇಳುತ್ತದೆಂದು ಅವು ಮೆಂಟರ್ ಪಟ್ಟಿ ಇಟ್ಟಿರುತ್ತವೆ, ಇಂಥ ಮೇಷ್ಟ್ರಿಗೆ ಇಷ್ಟು ಮಕ್ಕಳು ಎಂದು. ಆ ಪಟ್ಟಿ ಫೈಲಿನಿಂದ ಹೊರಬರಬೇಕಾದದ್ದು ಮೊದಲ ಇಂಟರ್ನಲ್ಸ್‌ನ ಅಂಕ ಕೈಗೆ ಬಂದ ದಿನ. ಹತ್ತು ನಿಮಿಷ ಎದುರು ಕೂರಿಸಿ ನೋಟ್‌ಬುಕ್ ತೆರೆಸಿದರೆ, ಅಂಕಪಟ್ಟಿ ಹೇಳದ್ದನ್ನು ಪುಟಗಳೇ ಹೇಳುತ್ತವೆ.

> ಗಲಭೆಯಿಂದ ಹುಟ್ಟಿದ ತರಗತಿ
>
> ಹೊಸಬರಿಗೆ ಕಾಲೇಜಿನಲ್ಲಿ ಬದುಕುವುದನ್ನೇ ಒಂದು ವಿಷಯವಾಗಿ ಕಲಿಸುವ 'ಯೂನಿವರ್ಸಿಟಿ 101' ತರಗತಿ ಅಮೆರಿಕದ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಶುರುವಾಯಿತು. ಎರಡು ವರ್ಷ ಹಿಂದೆ ವಿದ್ಯಾರ್ಥಿಗಳು ರೊಚ್ಚಿಗೆದ್ದು ಅಲ್ಲಿನ ಅಧ್ಯಕ್ಷರ ಕಚೇರಿಯಿದ್ದ ಆಡಳಿತ ಕಟ್ಟಡಕ್ಕೇ ನುಗ್ಗಿದ್ದರು. ಪೊಲೀಸರನ್ನು ಕರೆದರೆ ಸಾಲದು, ಈ ಮಕ್ಕಳ ಜೊತೆ ಕೂತು ಮಾತಾಡಬೇಕೆಂದು ಅಧ್ಯಕ್ಷ ಥಾಮಸ್ ಜೋನ್ಸ್ ಅವರಿಗೆ ಅನಿಸಿತು.

ಅಪ್ಪ ಅಮ್ಮ ಡಿಗ್ರಿ ಓದಿಲ್ಲ, ಅವರೇನು ಮಾಡಿಯಾರು ಎನ್ನಬೇಡಿ. "ಕಾಲೇಜು ಹೆಂಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. "ಇವತ್ತು ಏನು ಪಾಠ ಆಯ್ತು, ನಂಗೂ ಹೇಳು" ಎನ್ನಲಿ. ಒಲೆಯ ಮುಂದೆ ಕೂತ ಅಮ್ಮನಿಗೆ ತಿಳಿಯುವಂತೆ ಡಿಮ್ಯಾಂಡು-ಸಪ್ಲೈ ವಿವರಿಸಿದ ಹುಡುಗಿಗೆ ಅದು ಪರೀಕ್ಷೆಯಲ್ಲೂ ಮರೆಯುವುದಿಲ್ಲ. ಅದಕ್ಕೆ ಅವಳು ಕಾಫಿ ರೇಟನ್ನೇ ಉದಾಹರಣೆ ಕೊಟ್ಟಾಳು. ಅಮ್ಮನಿಗೆ ಆ ವಿಷಯ ಅವಳಿಗಿಂತ ಚೆನ್ನಾಗಿ ಗೊತ್ತು. ಕೊಯ್ಲಿನ ಕಾಲದಲ್ಲಿ ಪರೀಕ್ಷೆಯ ಹಿಂದಿನ ಎರಡು ಭಾನುವಾರವನ್ನಾದರೂ ಮಗಳಿಗೆ ಬಿಟ್ಟುಕೊಡಲಿ. ಆ ಮನೆಗಳಲ್ಲಿ ಎರಡು ದಿನದ ಕೂಲಿ ಎಷ್ಟು ಭಾರವೆಂದು ತಿಳಿದೇ ಈ ಮಾತು ಕೇಳುತ್ತಿದ್ದೇನೆ.

ಪ್ರಿನ್ಸಿಪಾಲರಲ್ಲಿ ಒಂದು ಬೇಡಿಕೆ. ಮೊದಲ ಇಂಟರ್ನಲ್ಸ್‌ಗೆ ಎರಡು ವಾರ ಮುಂಚೆ, ಎರಡನೇ ವರ್ಷದವರನ್ನು ಹೊಸಬರ ಮುಂದೆ ಒಂದು ಗಂಟೆ ಕೂರಿಸಿ. ರ‍್ಯಾಂಕ್ ಬಂದವರೇ ಬೇಕೆಂದಿಲ್ಲ. ಗಿರಿಯ ಬಸ್ಸಿನವರ ಮುಂದೆ ಗಿರಿಯ ಬಸ್ಸಿನವರೇ ಕೂರಲಿ, ಕಳಸದ ಕಡೆಯವರ ಮುಂದೆ ಕಳಸದವರೇ. ಲೆಕ್ಚರರ್ ಅಲ್ಲಿರುವುದು ಬೇಡ. ಮೊದಲ ಇಂಟರ್ನಲ್ಸ್‌ನಲ್ಲಿ ತನಗೆ ಬಂದ ಅಂಕ ಎಷ್ಟು, ಆ ದಿನ ಎಷ್ಟು ಅತ್ತೆ, ಆಮೇಲೆ ಏನು ಮಾಡಿದೆ ಎಂದು ಅವರು ಹೇಳಲಿ. ಯಾವ ಮೇಡಂ ಬಳಿ ಹೋದರೆ ಕೂರಿಸಿಕೊಂಡು ಹೇಳಿಕೊಡುತ್ತಾರೆ, ಯಾವ ಪುಸ್ತಕ ಲೈಬ್ರರಿಯಲ್ಲಿ ಬೇಗ ಖಾಲಿಯಾಗುತ್ತದೆ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ತುಂಬುವಾಗ ಎಲ್ಲಿ ತಪ್ಪಾಗುತ್ತದೆ, ರಸ್ತೆ ಬಂದ್ ಆದ ದಿನದ ಅಟೆಂಡೆನ್ಸಿಗೆ ಯಾರಿಗೆ ಪತ್ರ ಕೊಡಬೇಕು, ಸಂಜೆಯ ಬಸ್ಸು ತಪ್ಪಿದರೆ ಯಾರ ಜೀಪಿಗೆ ಫೋನು ಮಾಡಬೇಕು ಎಂಬುದನ್ನೂ ಹೇಳಲಿ.